ಕೃಷಿ ಸಹಾಯಧನ: ಚಿತ್ರದುರ್ಗ ಜಿಲ್ಲೆಯ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಚಿತ್ರದುರ್ಗ ಜಿಲ್ಲೆಯ ಓದುಗರ ಪತ್ರಗಳಿಗೆ ಮೀಸಲಿಟ್ಟಿದ್ದೇವೆ. ಬರ ಪರಿಹಾರ, ಕಿಸಾನ್ ಸಮ್ಮಾನ್ (ಪಿಎಂ ಕಿಸಾನ್) ಕಂತು, ಕೃಷಿ ಹೊಂಡದ ಸಹಾಯಧನ ಎಂದು ವಿಷಯಗಳು ಬೇರೆ ಬೇರೆಯಾದರೂ ಬಹುತೇಕ ಪತ್ರಗಳ ದೂರು ಒಂದೇ: ಜಮೀನು ನನ್ನದೇ, ಬೆಳೆದವನೂ ನಾನೇ, ಹಣ ಮಾತ್ರ ಬಂದಿಲ್ಲ. ಸರ್ಕಾರದ ಹಣ ಈಗ ಹೊಲಕ್ಕಿಂತ ಹೆಚ್ಚಾಗಿ ದಾಖಲೆಯನ್ನು ಹಿಂಬಾಲಿಸುತ್ತದೆ. ಪಹಣಿ, ರೈತರ ನೋಂದಣಿಯ ಸರ್ಕಾರಿ ತಂತ್ರಾಂಶವಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ (ಎಫ್‌ಐಡಿ), ಬೆಳೆ ಸಮೀಕ್ಷೆ, ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ, ಇವುಗಳಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂಬುದನ್ನು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆದರೆ ಚಪ್ಪಲಿ ಸವೆಯುವುದಷ್ಟೇ ಲಾಭ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಓದುಗರ ಹೆಸರು ಮತ್ತು ಊರನ್ನು ಬಿಟ್ಟು ಹೋಬಳಿಯನ್ನಷ್ಟೇ ನಮೂದಿಸಿದ್ದೇವೆ.

ಪ್ರಶ್ನೆ: ನನಗೆ ಎರಡು ಸರ್ವೆ ನಂಬರುಗಳಲ್ಲಿ ಒಟ್ಟು 6 ಎಕರೆ 20 ಗುಂಟೆ ಖುಷ್ಕಿ ಜಮೀನಿದೆ. ಒಂದು 4 ಎಕರೆ 10 ಗುಂಟೆ, ಇನ್ನೊಂದು 2 ಎಕರೆ 10 ಗುಂಟೆ. ದೊಡ್ಡ ತುಂಡು ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರ ವಿಭಾಗದಲ್ಲಿ ಬಂದದ್ದು. 2023ರ ಮುಂಗಾರಿನಲ್ಲಿ ಎರಡರಲ್ಲೂ ಶೇಂಗಾ ಹಾಕಿದ್ದೆ, ಎರಡೂ ಒಣಗಿದವು. ಪರಿಹಾರವಾಗಿ ನನಗೆ ಒಟ್ಟು 7,700 ಚಿಲ್ಲರೆ ರೂಪಾಯಿ ಬಂತು. ಪಕ್ಕದ ಹೊಲದವರಿಗೆ ಇರುವುದು ನಾಲ್ಕೇ ಎಕರೆ. ಅವರಿಗೆ 13,000ಕ್ಕೂ ಹೆಚ್ಚು ಬಂತು. ಇದು ಯಾವ ಲೆಕ್ಕ? ಮುಂದೆ ಹೀಗಾಗದಂತೆ ಏನು ಮಾಡಬೇಕು?
(ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು)

ಉತ್ತರ: ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯ ಪ್ರಕಾರ ಶೇ 33ಕ್ಕಿಂತ ಹೆಚ್ಚು ಬೆಳೆ ಹಾನಿಯಾದಾಗ ಕೊಡುವ ಇನ್‌ಪುಟ್ ಸಬ್ಸಿಡಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅಡಿಕೆ ಮತ್ತು ತೆಂಗಿನಂತಹ ಬಹುವಾರ್ಷಿಕ ಬೆಳೆಗೆ 22,500. ಎಷ್ಟೇ ಜಮೀನಿದ್ದರೂ ಒಬ್ಬ ರೈತರಿಗೆ ಎರಡು ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 4 ಎಕರೆ 38 ಗುಂಟೆಯ ಮಿತಿ ಇದೆ. ಆದ್ದರಿಂದ ನಿಮ್ಮ ಆರೂವರೆ ಎಕರೆಗೆ ಸಿಗಬಹುದಾಗಿದ್ದ ಗರಿಷ್ಠ ಮೊತ್ತ 17,000 ರೂಪಾಯಿ. ನಿಮ್ಮ ಪಕ್ಕದವರ ನಾಲ್ಕು ಎಕರೆ ಎಂದರೆ 1.62 ಹೆಕ್ಟೇರ್, ಅದಕ್ಕೆ ಸುಮಾರು 13,760 ರೂಪಾಯಿ ಆಗುತ್ತದೆ. ಅವರಿಗೆ ಬಂದ ಹಣ ಸರಿಯಾಗಿಯೇ ಇದೆ. ಇನ್ನು 2 ಎಕರೆ 10 ಗುಂಟೆಗೆ ಮಾತ್ರ ಲೆಕ್ಕ ಹಾಕಿದರೆ 7,740 ರೂಪಾಯಿಯ ಆಸುಪಾಸು ಬರುತ್ತದೆ. ನಿಮಗೆ ಬಂದದ್ದು ಅಷ್ಟೇ. ದೊಡ್ಡ ತುಂಡು ಲೆಕ್ಕಕ್ಕೇ ಸಿಕ್ಕಿಲ್ಲ.

ಹೀಗಾಗಲು ಎರಡು ಕಾರಣಗಳಿರಬಹುದು, ಮೊದಲನೆಯದೇ ಹೆಚ್ಚು ಸಂಭವ. ವಿಭಾಗವಾಗುವ ಮೊದಲೇ ನೀವು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡಿದ್ದರೆ ನಿಮ್ಮ ಎಫ್‌ಐಡಿಯಲ್ಲಿ ಚಿಕ್ಕ ಸರ್ವೆ ನಂಬರ್ ಒಂದೇ ಇರುತ್ತದೆ. ಪಹಣಿ ನಿಮ್ಮ ಹೆಸರಿಗೆ ಬದಲಾದ ಮಾತ್ರಕ್ಕೆ ಅದು ಎಫ್‌ಐಡಿಗೂ ಸೇರಿಬಿಟ್ಟಿದೆ ಎಂದು ನಂಬಿ ಕೂರಬೇಡಿ. ಪಹಣಿ ಮತ್ತು ಆಧಾರ್ ಕಾರ್ಡ್ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಎಫ್‌ಐಡಿಯಲ್ಲಿ ಯಾವ ಯಾವ ಸರ್ವೆ ನಂಬರುಗಳಿವೆ ಎಂದು ನಿಮ್ಮ ಕಣ್ಣೆದುರೇ ತೆರೆಸಿ ನೋಡಿ, ಬಿಟ್ಟುಹೋದದ್ದನ್ನು ಸೇರಿಸಲು ಅರ್ಜಿ ಕೊಡಿ.

ಎರಡನೆಯದು ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಪ್ರತಿ ಹಂಗಾಮಿನಲ್ಲೂ ಸರ್ವೆ ನಂಬರುವಾರು ಸಮೀಕ್ಷೆ ನಡೆಯುತ್ತದೆ. ರೈತರು ಸ್ವತಃ ಮೊಬೈಲ್‌ನಲ್ಲಿ ಬೆಳೆಯ ವಿವರ ದಾಖಲಿಸಬಹುದು. ಅವರು ದಾಖಲಿಸದಿದ್ದರೆ ಊರಿನ ಖಾಸಗಿ ನಿವಾಸಿ, ಅಂದರೆ ಸಮೀಕ್ಷೆಗೆಂದು ಗೊತ್ತುಮಾಡಿದ ಯುವಕ, ಬಂದು ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆಯ ಹೆಸರು ಮತ್ತು ವಿಸ್ತೀರ್ಣವನ್ನು ನಮೂದಿಸುತ್ತಾನೆ. ಒಂದು ಹೊಲಕ್ಕೆ ಇಷ್ಟು ಎಂದು ಸಂಭಾವನೆ ಪಡೆಯುವ ಆತನಿಗೆ ದಿನಕ್ಕೆ ಮುಗಿಸಬೇಕಾದ ಹೊಲಗಳು ಬಹಳ. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ನಿಮ್ಮ ಕಡೆಯ ರೂಢಿ. ಕೊಯ್ಲಿನ ಹೊತ್ತಿಗೆ ಚಿತ್ರ ತೆಗೆದರೆ ಎತ್ತರಕ್ಕೆ ನಿಂತ ತೊಗರಿಯೇ ಕಾಣುತ್ತದೆ, ಶೇಂಗಾ ಕಿತ್ತ ಜಾಗ ಪಾಳು ಎಂದು ದಾಖಲಾಗುತ್ತದೆ. ಪಾಳು ಎಂದಾದರೆ ಪರಿಹಾರವಿಲ್ಲ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಏನು ದಾಖಲಾಗಿದೆ ಎಂದು ನೋಡಬಹುದು, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಆ ಅವಧಿ ದಾಟಿದ ಮೇಲೆ ತಹಶೀಲ್ದಾರರ ಮುಂದೆ ಎಷ್ಟು ಗೋಳಾಡಿದರೂ ತಿದ್ದುಪಡಿ ಕಷ್ಟ. ಬೆಳೆ ಹಸಿರಾಗಿರುವಾಗಲೇ ನೀವೇ ಸಮೀಕ್ಷೆ ಮಾಡಿ ಚಿತ್ರ ಏರಿಸುವುದು ಎಲ್ಲಕ್ಕಿಂತ ಸುರಕ್ಷಿತ.

2023ರ ಸಾಲಿನ ಹಣದ ಬಗ್ಗೆ ಆಸೆ ಇಟ್ಟುಕೊಳ್ಳಿ ಎಂದು ಹೇಳಲಾರೆವು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ರಾಜ್ಯ ಸರ್ಕಾರ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಕೊಟ್ಟಿತು. ಉಳಿದದ್ದು ಕೇಂದ್ರದ ನೆರವಿಗಾಗಿ ಕಾಯಿತು. 18,171 ಕೋಟಿ ರೂಪಾಯಿ ಕೇಳಿದ್ದ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು, ಮೊದಲು ಕೊಟ್ಟದ್ದನ್ನು ಕಳೆದು ಬಾಕಿಯನ್ನು ಮೇ ತಿಂಗಳಲ್ಲಿ ಜಮೆ ಮಾಡಲಾಯಿತು. ಶೇಂಗಾ ಒಣಗಿದ್ದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಹಣ ಬಂದದ್ದು ಮುಂದಿನ ಬಿತ್ತನೆಯ ಹೊತ್ತಿಗೆ! ಆ ಕಡತ ಈಗ ಮುಗಿದಿದೆ. ಇನ್ನೊಂದು ಮಾತು: 2025ರ ಅತಿವೃಷ್ಟಿಯ ಬೆಳೆ ಹಾನಿಗೆ ರಾಜ್ಯ ಸರ್ಕಾರ ಮೇಲಿನ ದರಕ್ಕೆ ಹೆಕ್ಟೇರಿಗೆ 8,500 ರೂಪಾಯಿಯನ್ನು ತನ್ನ ಕಡೆಯಿಂದ ಸೇರಿಸುವುದಾಗಿ ಪ್ರಕಟಿಸಿತು. ಅದು ಆ ಸಲದ ತೀರ್ಮಾನ; ಪ್ರತಿ ವರ್ಷವೂ ಅದೇ ದರ ಎಂದುಕೊಳ್ಳಬಾರದು.

ಪ್ರಶ್ನೆ: ಕಿಸಾನ್ ಸಮ್ಮಾನ್ ಕಂತು ನನ್ನ ಖಾತೆಗೆ ಜಮೆಯಾಗಿದೆ ಎಂದು ಪೋರ್ಟಲ್‌ನಲ್ಲಿ ತೋರಿಸುತ್ತದೆ. ಪಾಸ್‌ಬುಕ್ ಬರೆಸಿದರೆ ಏನೂ ಇಲ್ಲ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ, ನಮ್ಮದೇನೂ ತಪ್ಪಿಲ್ಲ’ ಎನ್ನುತ್ತಾರೆ.
(ಐಮಂಗಲ ಹೋಬಳಿ, ಹಿರಿಯೂರು ತಾಲ್ಲೂಕು)

ಉತ್ತರ: ಬ್ಯಾಂಕಿನವರು ಹೇಳುವುದೂ ನಿಜ, ನಿಮ್ಮ ಹಣ ಬಾರದಿರುವುದೂ ನಿಜ. ಖಾತೆ ತೆರೆಯುವಾಗ ಆಧಾರ್ ಸಂಖ್ಯೆಯನ್ನು ದಾಖಲೆಯಾಗಿ ಕೊಡುವುದು ಒಂದು ಕೆಲಸ. ಆ ಆಧಾರ್‌ಗೆ ಬರುವ ಸರ್ಕಾರಿ ಹಣವನ್ನು ಯಾವ ಬ್ಯಾಂಕಿಗೆ ಕಳುಹಿಸಬೇಕು ಎಂದು ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐನ ಪಟ್ಟಿಯಲ್ಲಿ ದಾಖಲಿಸುವುದು ಇನ್ನೊಂದು ಕೆಲಸ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕಡೆಯದಾಗಿ ಜೋಡಣೆಯಾದ ಬ್ಯಾಂಕೇ ಉಳಿಯುತ್ತದೆ. ನೀವು ಯಾವಾಗಲೋ ಸಂಘದ ಸಾಲಕ್ಕೆಂದು, ಉದ್ಯೋಗ ಖಾತರಿ ಕೂಲಿಗೆಂದು, ಅಥವಾ ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ತೆರೆದ ಖಾತೆಗೆ ಹಣ ಹೋಗಿ ಕುಳಿತಿರಬಹುದು. 2017ರಲ್ಲಿ ಮೊಬೈಲ್ ಕಂಪನಿಯೊಂದರ ಪೇಮೆಂಟ್ಸ್ ಬ್ಯಾಂಕಿಗೆ ದೇಶದ ಎಷ್ಟೋ ಮಂದಿಯ ಅಡುಗೆ ಅನಿಲದ ಸಬ್ಸಿಡಿ ಅವರಿಗೇ ಗೊತ್ತಿಲ್ಲದಂತೆ ಜಮೆಯಾಗಿದ್ದು ಹೀಗೆಯೇ.

ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ತಿಳಿಯುತ್ತದೆ. ರಾಜ್ಯದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ರಾಜ್ಯದ ಯೋಜನೆಗಳ ಯಾವ ಹಣ ಯಾವ ದಿನ ಎಲ್ಲಿಗೆ ಹೋಗಿದೆ ಎಂಬುದೂ ಸಿಗುತ್ತದೆ. ಮೊಬೈಲ್ ಬಳಕೆ ಕಷ್ಟವಾದರೆ ಗ್ರಾಮ ಒನ್ ಕೇಂದ್ರದಲ್ಲಿ ನೋಡಿಸಿ. ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದೇ ಲಿಖಿತ ಒಪ್ಪಿಗೆ ಪತ್ರ ಕೊಡಿ. ‘ಆಧಾರ್ ಲಿಂಕ್ ಮಾಡಿ’ ಎಂದು ಕೇಳಿದರೆ ‘ಆಗಲೇ ಆಗಿದೆ’ ಎಂಬ ಉತ್ತರವೇ ಮತ್ತೆ ಬರುತ್ತದೆ. ಅದರ ಜೊತೆಗೇ ಇ–ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗಿದೆಯೇ ನೋಡಿಕೊಳ್ಳಿ. ಬೆರಳಚ್ಚು ಸವೆದು ಯಂತ್ರ ಒಪ್ಪದ ಹಿರಿಯರಿಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯ 2023ರಿಂದ ಇದೆ.

ಪ್ರಶ್ನೆ: ನಮ್ಮ ತಂದೆಯವರು 2021ರಲ್ಲಿ ತೀರಿಕೊಂಡರು. ನಾವು ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಪಹಣಿ ಇನ್ನೂ ತಂದೆಯವರ ಹೆಸರಿನಲ್ಲೇ ಇದೆ. ಅವರು ಹೋದ ಮೇಲೂ ಕಿಸಾನ್ ಸಮ್ಮಾನ್‌ನ ಎರಡು ಕಂತು ಅವರ ಖಾತೆಗೆ ಬಂದು, ಆಮೇಲೆ ನಿಂತಿತು. ಸಹೋದರಿಯರ ಜೊತೆ ಪಾಲಿನ ಮಾತುಕತೆ ಮುಗಿಯದ ಕಾರಣ ಖಾತೆ ಬದಲಾವಣೆ ಮಾಡಿಸಿಲ್ಲ. 2019ರ ನಂತರ ಖಾತೆ ಬದಲಾದವರಿಗೆ ಈ ಯೋಜನೆಯೇ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ.
(ಶ್ರೀರಾಂಪುರ ಹೋಬಳಿ, ಹೊಸದುರ್ಗ ತಾಲ್ಲೂಕು)

ಉತ್ತರ: ಹೆದರಿಸುವವರು ಅರ್ಧ ಮಾತ್ರ ತಿಳಿದುಕೊಂಡಿದ್ದಾರೆ. ಪಿಎಂ ಕಿಸಾನ್‌ನಲ್ಲಿ ಜಮೀನಿನ ಒಡೆತನವನ್ನು 2019ರ ಫೆಬ್ರುವರಿ 1ರಂದು ಇದ್ದಂತೆ ನೋಡುತ್ತಾರೆ. ಆ ನಂತರ ಕ್ರಯ ಅಥವಾ ದಾನದ ಮೂಲಕ ಜಮೀನು ಪಡೆದವರಿಗೆ ಹಣ ಇಲ್ಲ. ಆದರೆ ಒಡೆಯರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ನಿಮ್ಮ ಅಡ್ಡಿ ಪಹಣಿಯೇ ಹೊರತು ದಿನಾಂಕವಲ್ಲ. ಪಹಣಿಯ 9ನೇ ಕಲಂನಲ್ಲಿ ಮೃತರ ಹೆಸರಿರುವವರೆಗೆ ಆ ಸರ್ವೆ ನಂಬರನ್ನು ನಿಮ್ಮ ಎಫ್‌ಐಡಿಗೆ ಸೇರಿಸಲು ಬರುವುದಿಲ್ಲ, ಎಫ್‌ಐಡಿ ಇಲ್ಲದೆ ಪಿಎಂ ಕಿಸಾನ್ ಮಾತ್ರವಲ್ಲ, ಬರ ಪರಿಹಾರ, ಬಿತ್ತನೆ ಬೀಜದ ರಿಯಾಯಿತಿ, ಬೆಂಬಲ ಬೆಲೆಯ ರಾಗಿ ಖರೀದಿ ಯಾವುದೂ ಸಲೀಸಾಗಿ ನಡೆಯುವುದಿಲ್ಲ.

ಪೌತಿ ಖಾತೆಗೂ (ಮೃತರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಪಾಲಿಗೂ ಗಂಟು ಹಾಕಿಕೊಂಡಿರುವುದು ನಿಮ್ಮ ಮನೆಯಲ್ಲಿ ಮಾತ್ರವಲ್ಲ, ಅರ್ಧ ಜಿಲ್ಲೆಯಲ್ಲಿ ಹೀಗೆಯೇ ಇದೆ. ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಮೃತರ ಹೆಸರಿನಲ್ಲಿರುವುದು ಬಯಲಾಯಿತು; ಆ ಮೇಲೆಯೇ ಗ್ರಾಮ ಆಡಳಿತಾಧಿಕಾರಿಗಳ ಮೂಲಕ ಪೌತಿ ಖಾತೆ ಆಂದೋಲನ ಶುರುವಾದದ್ದು. ಪೌತಿ ಎಂದರೆ ಪಾಲಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಾಯಿ ಇದ್ದರೆ ತಾಯಿಯೂ ಸೇರಿ ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆಯಾಗುತ್ತದೆ. ಯಾರಿಗೆ ಎಷ್ಟು ಎಂಬುದು ಆಮೇಲಿನ ಮಾತು. ಅದಕ್ಕೆ 11ಇ ನಕ್ಷೆ, ಅಂದರೆ ಭಾಗವಾಗುವ ಜಮೀನಿನ ಅಳತೆ ನಕ್ಷೆ, ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು. ವಂಶವೃಕ್ಷದಲ್ಲಿ ಸಹೋದರಿಯರ ಹೆಸರನ್ನು ಬಿಡುವ ‘ಜಾಣತನ’ ತೋರಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿದೆ. ಹೆಸರು ಬಿಟ್ಟು ಮಾಡಿಸಿದ ಖಾತೆ ತಕರಾರಿಗೆ ಸಿಕ್ಕಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ಅವರು ಸ್ವಇಚ್ಛೆಯಿಂದ ಬಿಟ್ಟುಕೊಡುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ.

ತಂದೆಯವರ ನಿಧನದ ನಂತರ ಬಂದ ಎರಡು ಕಂತು, ಅಂದರೆ 4,000 ರೂಪಾಯಿ, ನಿಮ್ಮದಲ್ಲ. ಪಿಎಂ ಕಿಸಾನ್ ಜಾಲತಾಣದಲ್ಲೇ ಹಣ ಹಿಂದಿರುಗಿಸುವ ವ್ಯವಸ್ಥೆ ಇದೆ. ಅದನ್ನು ಕಟ್ಟಿ ರಸೀದಿ ಇಟ್ಟುಕೊಂಡರೆ ನಿಮ್ಮ ಹೊಸ ಅರ್ಜಿಯ ಪರಿಶೀಲನೆಯಲ್ಲಿ ಒಂದು ತಕರಾರು ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ಹೆಸರಿನಲ್ಲಿ ಎರಡು ಎಕರೆ, ಪತ್ನಿಯ ಹೆಸರಿನಲ್ಲಿ ಒಂದೂವರೆ ಎಕರೆ, ಬೇರೆ ಮನೆ ಮಾಡಿರುವ ಮಗನ ಹೆಸರಿನಲ್ಲಿ ಒಂದು ಎಕರೆ ಇದೆ. ಮೂವರಿಗೂ ಕಿಸಾನ್ ಸಮ್ಮಾನ್ ಕಂತು ಬರುತ್ತಿತ್ತು. ಪತ್ನಿಯದು ಈಗ ನಿಂತಿದೆ.
(ಭರಮಸಾಗರ ಹೋಬಳಿ, ಚಿತ್ರದುರ್ಗ ತಾಲ್ಲೂಕು)

ಉತ್ತರ: ಈ ಯೋಜನೆಯಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತ ಮಕ್ಕಳು. ಇಬ್ಬರ ಹೆಸರಿನಲ್ಲೂ ಜಮೀನಿದ್ದರೂ ವರ್ಷದ 6,000 ರೂಪಾಯಿ ಒಬ್ಬರಿಗೆ ಮಾತ್ರ. ಗಂಡ–ಹೆಂಡತಿ ಇಬ್ಬರೂ ಪಡೆಯುತ್ತಿರುವ ಪ್ರಕರಣಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಹುಡುಕಿ ಪರಿಶೀಲನೆಗೆ ತಡೆಹಿಡಿದಿದೆ. ಮಗ ಪ್ರಾಪ್ತ ವಯಸ್ಕನಾದ್ದರಿಂದ ಅವನದು ಬೇರೆಯೇ ಕುಟುಂಬ. ಖಾತೆ ಯಾವಾಗ ಮತ್ತು ಹೇಗೆ ಅವನ ಹೆಸರಿಗೆ ಬಂತು ಎಂಬುದು ಮೇಲಿನ ಉತ್ತರದಲ್ಲಿ ಹೇಳಿದ ನಿಯಮಕ್ಕೆ ಹೊಂದಿದ್ದರೆ ಅವನಿಗೆ ತೊಂದರೆಯಿಲ್ಲ. ಬರ ಪರಿಹಾರಕ್ಕೆ ಈ ‘ಕುಟುಂಬ’ದ ಲೆಕ್ಕವಿಲ್ಲ. ಅಲ್ಲಿ ನಿಮ್ಮ ಪತ್ನಿಯವರು ತಮ್ಮ ಎಫ್‌ಐಡಿಯ ಮೇಲೆ ತಮ್ಮ ಒಂದೂವರೆ ಎಕರೆಗೆ ಪ್ರತ್ಯೇಕವಾಗಿಯೇ ಅರ್ಹರು.

ಪ್ರಶ್ನೆ: ಹತ್ತು ವರ್ಷಗಳಿಂದ ಬೆಂಗಳೂರಿನಲ್ಲಿರುವ ಒಬ್ಬರ ಐದು ಎಕರೆಯನ್ನು ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಮಾಡುತ್ತಿದ್ದೇನೆ. ಬೀಜ, ಗೊಬ್ಬರ, ಆಳು, ಔಷಧಿ ಎಲ್ಲವೂ ನನ್ನದು. ಈರುಳ್ಳಿ ಕೊಳೆತಾಗ ನಷ್ಟವೂ ನನ್ನದೇ. ಪರಿಹಾರದ ಹಣ ಮಾತ್ರ ಅವರ ಖಾತೆಗೆ ಹೋಗುತ್ತದೆ. ಕೊಡಿ ಎಂದು ಕೇಳಿದರೆ ಜಮೀನು ಬಿಡಿಸುತ್ತಾರೆ ಎಂಬ ಭಯ. ನನಗೆ ಯಾವ ದಾರಿ ಇದೆ?
(ಧರ್ಮಪುರ ಹೋಬಳಿ, ಹಿರಿಯೂರು ತಾಲ್ಲೂಕು)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಸಮಾಧಾನಕರ ಉತ್ತರ ಕೊಡಲಾಗದ ಪತ್ರ ನಿಮ್ಮದೊಂದೇ. ಕಾಗದದ ಪ್ರಕಾರ ನಿಮ್ಮಂಥವರು ಕರ್ನಾಟಕದಲ್ಲಿ ಇಲ್ಲವೇ ಇಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಉಳುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಗೇಣಿದಾರರೇ ಅದರ ಒಡೆಯರಾದರು. ಅದರ ಜೊತೆಗೇ, ಸೈನಿಕರಂಥ ಕೆಲವರನ್ನು ಬಿಟ್ಟು ಬೇರೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ ಎಂದಾಯಿತು. ಉಳುವವನಿಗೆ ಭೂಮಿ ಕೊಟ್ಟ ಅದೇ ಕಾನೂನಿನಿಂದಾಗಿ ಐವತ್ತು ವರ್ಷಗಳ ನಂತರದ ಉಳುವವನಿಗೆ ತಾನು ಉಳುತ್ತಿದ್ದೇನೆಂದು ತೋರಿಸಲು ಒಂದು ಚೀಟಿಯೂ ಇಲ್ಲದಂತಾಗಿದೆ. ಬರೆದುಕೊಟ್ಟರೆ ಕಾನೂನು ಮುರಿದಂತೆ ಎಂಬ ಅಂಜಿಕೆಯಿಂದ, ಜಮೀನೇ ಕೈಬಿಟ್ಟೀತು ಎಂಬ ಅಂಜಿಕೆಯಿಂದ ಒಡೆಯರು ಬಾಯಿಮಾತಿನಲ್ಲೇ ಎಲ್ಲವನ್ನೂ ಮುಗಿಸುತ್ತಾರೆ.

ಪಿಎಂ ಕಿಸಾನ್ ಜಮೀನಿನ ಒಡೆಯರಿಗೆ ಮಾತ್ರ. ತೆಲಂಗಾಣ 2018ರಲ್ಲಿ ಆರಂಭಿಸಿದ ರೈತಬಂಧುವಿನಲ್ಲೂ ಗುತ್ತಿಗೆದಾರರನ್ನು ಹೊರಗೇ ಇಟ್ಟಿತ್ತು. ಬೇರೆ ದಾರಿಗಳು ಇಲ್ಲವೆಂದಲ್ಲ. ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಮಾಡುವವರನ್ನೂ ಭೂರಹಿತರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನಿಮ್ಮ ಹೋಬಳಿಯಿಂದ ಗಡಿ ದಾಟಿದರೆ ಸಿಗುವ ಆಂಧ್ರಪ್ರದೇಶದಲ್ಲಿ 2019ರ ಕಾಯ್ದೆಯಂತೆ ಒಡೆಯರ ಹಕ್ಕಿಗೆ ಧಕ್ಕೆಯಾಗದ ಹಾಗೆ ಹನ್ನೊಂದು ತಿಂಗಳ ಒಪ್ಪಂದ ಮಾಡಿಕೊಂಡು ಸಾಗುವಳಿದಾರರ ಗುರುತಿನ ಪತ್ರ ಪಡೆಯಬಹುದು. ನೀತಿ ಆಯೋಗದ ತಜ್ಞರ ಸಮಿತಿ 2016ರಲ್ಲೇ ಮಾದರಿ ಗೇಣಿ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತ್ತು. ಗೇಣಿಯನ್ನು ಮತ್ತೆ ಸಕ್ರಮ ಮಾಡಿದರೆ ಹಳೆಯ ಜಮೀನ್ದಾರಿಕೆ ಹಿಂಬಾಗಿಲಿನಿಂದ ಬಂದೀತೆಂಬ ಆತಂಕ ನಮ್ಮಲ್ಲಿ ಬಲವಾಗಿದೆ, ಅದು ಸುಳ್ಳೆಂದು ಹೇಳಲಾಗದು. ಆದರೆ ಈರುಳ್ಳಿ ಕೊಳೆತವರು ಒಬ್ಬರು, ಪರಿಹಾರ ಪಡೆದವರು ಇನ್ನೊಬ್ಬರು ಎಂಬ ಸ್ಥಿತಿಯನ್ನು ಭೂಸುಧಾರಣೆಯ ಹೆಸರಿನಲ್ಲಿ ಕಾಪಾಡಿಕೊಂಡು ಬರುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಸದ್ಯಕ್ಕೆ ನಿಮಗೆ ಹೇಳಬಹುದಾದದ್ದು ಇಷ್ಟು. ಹಂಗಾಮು ಶುರುವಾಗುವ ಮೊದಲೇ, ಕೋರಿನ ಪ್ರಮಾಣ ಮಾತಾಡುವಾಗಲೇ, ಪರಿಹಾರ ಮತ್ತು ವಿಮೆಯ ಹಣ ಬಂದರೆ ಬೀಜ ಗೊಬ್ಬರಕ್ಕೆ ಖರ್ಚು ಮಾಡಿದವರಿಗೆ ಸೇರಬೇಕು ಎಂಬ ಮಾತನ್ನು ನಾಲ್ಕು ಜನರ ಮುಂದೆ ಆಡಿಸಿಕೊಳ್ಳಿ. ಬೆಳೆ ಹಾಳಾದ ಮೇಲೆ ಕೇಳಿದರೆ ಜಗಳವಾಗುತ್ತದೆ, ಮೊದಲೇ ಕೇಳಿದರೆ ವ್ಯವಹಾರವಾಗುತ್ತದೆ. ಗೊಬ್ಬರ ಮತ್ತು ಔಷಧಿಯ ಬಿಲ್ಲುಗಳನ್ನು ನಿಮ್ಮ ಹೆಸರಿನಲ್ಲೇ ಪಡೆದು ಜೋಪಾನ ಮಾಡಿ. ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗೇಣಿದಾರರು ಮತ್ತು ಪಾಲಿಗೆ ಮಾಡುವವರೂ ಸೇರಿದ್ದಾರೆ, ಆದರೆ ನೋಂದಣಿಗೆ ಜಮೀನಿನ ದಾಖಲೆ ಕೇಳುತ್ತಾರಾದ್ದರಿಂದ ಒಡೆಯರ ಸಹಕಾರ ಇಲ್ಲದೆ ಅದೂ ನಡೆಯದು. ಒಡೆಯರೊಂದಿಗೆ ಬರೆದುಕೊಂಡ ಪತ್ರಕ್ಕೆ ನ್ಯಾಯಾಲಯದಲ್ಲಿ ಬಲವಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ಕೃಷಿ ಭಾಗ್ಯ ಯೋಜನೆ ಮತ್ತೆ ಬಂದಿದೆ ಎಂದು ಕೇಳಿ ಜೆಸಿಬಿ ತರಿಸಿ ಹೊಂಡ ತೆಗೆಸಿದೆ. ಈಗ ಅರ್ಜಿ ಕೊಟ್ಟರೆ ಸಹಾಯಧನ ಸಿಗುವುದೇ?
(ರಾಮಗಿರಿ ಹೋಬಳಿ, ಹೊಳಲ್ಕೆರೆ ತಾಲ್ಲೂಕು)

ಉತ್ತರ: ತೆಗೆದ ಹೊಂಡಕ್ಕೆ ಸಿಗುವುದಿಲ್ಲ. 2014ರಲ್ಲಿ ಆರಂಭವಾಗಿ ನಡುವೆ ನಿಂತು 2023–24ರಲ್ಲಿ ಮತ್ತೆ ಶುರುವಾದ ಈ ಯೋಜನೆಯಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರಷ್ಟು ಸಹಾಯಧನ ಇದೆ. ಆದರೆ ಅರ್ಜಿ, ಸ್ಥಳ ಪರಿಶೀಲನೆ, ಕಾರ್ಯಾದೇಶ, ಆಮೇಲೆ ಅಗೆತ ಎಂಬುದು ಕ್ರಮ. ಖಾಲಿ ಹೊಲದ ಚಿತ್ರ, ಅಗೆದ ಹೊಂಡದ ಚಿತ್ರ ಎರಡನ್ನೂ ಸ್ಥಳದ ಅಕ್ಷಾಂಶ ರೇಖಾಂಶದೊಂದಿಗೆ ಇಲಾಖೆ ದಾಖಲಿಸುತ್ತದೆ. ನಿಮ್ಮಲ್ಲಿ ಮೊದಲಿನದನ್ನು ತೆಗೆಯಲು ಈಗ ಅವಕಾಶವಿಲ್ಲ. ಹೊದಿಕೆ, ಪಂಪ್‌ಸೆಟ್, ತುಂತುರು ನೀರಾವರಿ, ಹೊಂಡದ ಸುತ್ತಲಿನ ತಂತಿ ಬೇಲಿ ಇವೂ ಅದೇ ಯೋಜನೆಯ ಘಟಕಗಳು. ಅವುಗಳಲ್ಲಿ ಯಾವುದನ್ನಾದರೂ ನಿಮಗೆ ಪರಿಗಣಿಸಬಹುದೇ ಎಂದು ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಸಹಾಯಧನ ಸಿಗಲಿ ಬಿಡಲಿ, ಬೇಲಿಯನ್ನು ಮಾತ್ರ ತಕ್ಷಣ ಹಾಕಿಸಿ. ಬೇಲಿಯಿಲ್ಲದ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೂರು ಎಕರೆ ಜಮೀನಿದೆ. ಊರಿನವರೆಲ್ಲ ಹಾಕಿದರೆಂದು ನಾನೂ ಅರ್ಜಿ ಹಾಕಿ ಕಿಸಾನ್ ಸಮ್ಮಾನ್ ಪಡೆಯುತ್ತಿದ್ದೆ. ಈಗ ಹಣ ಹಿಂದಿರುಗಿಸಿ ಎಂದು ನೋಟಿಸ್ ಬಂದಿದೆ.
(ದೇವಸಮುದ್ರ ಹೋಬಳಿ, ಮೊಳಕಾಲ್ಮೂರು ತಾಲ್ಲೂಕು)

ಉತ್ತರ: ಕಟ್ಟಲೇಬೇಕು. ನಾಲ್ಕನೇ ದರ್ಜೆಯ ನೌಕರರನ್ನು ಬಿಟ್ಟು ಸರ್ಕಾರಿ ಸೇವೆಯಲ್ಲಿರುವವರು ಮತ್ತು ನಿವೃತ್ತರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ವೃತ್ತಿನಿರತ ವೈದ್ಯರು, ವಕೀಲರು, ಎಂಜಿನಿಯರುಗಳು ಈ ಯೋಜನೆಯಿಂದ ಹೊರಗೆ. ಸೌಲಭ್ಯವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಅವಕಾಶವೂ ಪೋರ್ಟಲ್‌ನಲ್ಲಿದೆ. ಎರಡನ್ನೂ ಒಟ್ಟಿಗೆ ಮುಗಿಸಿ. ಬೆಳೆ ಹಾನಿಯ ಪರಿಹಾರಕ್ಕೆ ಮಾತ್ರ ಪಿಂಚಣಿ ಅಡ್ಡಿಯಲ್ಲ.

ಪ್ರಶ್ನೆ: ಕಿಸಾನ್ ಸಮ್ಮಾನ್‌ನ 6,000ದ ಜೊತೆ ರಾಜ್ಯದ 4,000 ಬರುತ್ತಿತ್ತು. ಅದು ಎಲ್ಲಿ ಹೋಯಿತು? ಹಾಗೆಯೇ, ಯೂರಿಯಾ ಸಬ್ಸಿಡಿ ಕೊಡುತ್ತೇವೆ ಎನ್ನುತ್ತಾರಲ್ಲ, ಅದು ನಮ್ಮ ಖಾತೆಗೆ ಏಕೆ ಬರುವುದಿಲ್ಲ?
(ಪರಶುರಾಂಪುರ ಹೋಬಳಿ, ಚಳ್ಳಕೆರೆ ತಾಲ್ಲೂಕು)

ಉತ್ತರ: ಯಡಿಯೂರಪ್ಪನವರ ಸರ್ಕಾರ 2019ರಲ್ಲಿ ಆರಂಭಿಸಿದ್ದ ವರ್ಷಕ್ಕೆ 4,000 ರೂಪಾಯಿಯ ರಾಜ್ಯದ ಪಾಲನ್ನು 2023ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರ ಸರ್ಕಾರ ನಿಲ್ಲಿಸಿತು. ನಿಮ್ಮ ದಾಖಲೆಯಲ್ಲಿ ದೋಷವಿಲ್ಲ. ಯೂರಿಯಾ ಸಬ್ಸಿಡಿ ತಯಾರಕ ಕಂಪನಿಗೆ ಹೋಗುತ್ತದೆ. ನೀವು ಆಧಾರ್ ತೋರಿಸಿ ಪಿಒಎಸ್ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತಿ 45 ಕಿಲೋ ಚೀಲವನ್ನು 266 ರೂಪಾಯಿ 50 ಪೈಸೆಗೆ ಕೊಂಡ ಮೇಲೆ ಆ ಮಾರಾಟದ ಲೆಕ್ಕದ ಮೇಲೆ ಕಂಪನಿಗೆ ಸರ್ಕಾರ ವ್ಯತ್ಯಾಸವನ್ನು ಕಟ್ಟಿಕೊಡುತ್ತದೆ. ಆದ್ದರಿಂದಲೇ ಬಿಲ್ಲಿಲ್ಲದೆ ಗೊಬ್ಬರ ಕೊಳ್ಳಬೇಡಿ, ಇನ್ನೊಬ್ಬರ ಚೀಲಕ್ಕೆ ನಿಮ್ಮ ಹೆಬ್ಬೆಟ್ಟನ್ನೂ ಕೊಡಬೇಡಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಪಿಎಂ ಕಿಸಾನ್ ಹೊಸ ಪಟ್ಟಿ’ ಎಂಬ ಫೈಲ್ ಬಂದಿದೆ. ತೆರೆಯಬಹುದೇ?
(ತುರುವನೂರು ಹೋಬಳಿ, ಚಿತ್ರದುರ್ಗ ತಾಲ್ಲೂಕು)

ಉತ್ತರ: ಬೇಡ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಪಟ್ಟಿಯಲ್ಲ, ನಿಮ್ಮ ಮೊಬೈಲಿಗೆ ಬರುವ ಒಟಿಪಿಗಳನ್ನು ಕದಿಯುವ ಆ್ಯಪ್. ಕಳುಹಿಸಿದವರು ಪರಿಚಿತರೇ ಆಗಿದ್ದರೂ ಅವರ ಮೊಬೈಲ್ ಆಗಲೇ ಕಳ್ಳರ ಕೈಸೇರಿರಬಹುದು. ಈಗಾಗಲೇ ತೆರೆದಿದ್ದರೆ ಮೊಬೈಲಿನ ಇಂಟರ್‌ನೆಟ್ ಬಂದ್ ಮಾಡಿ, ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಯೋಜನೆಯ ಬಗ್ಗೆ ಸಂದೇಹವಿದ್ದರೆ ಕೇಳಬೇಕಾದ ಸಹಾಯವಾಣಿ 155261.

ಪ್ರಶ್ನೆ: ಬರ ಪರಿಹಾರದ ಹಣ ಬಂದ ದಿನವೇ ಬ್ಯಾಂಕಿನವರು ಅದನ್ನು ಬೆಳೆ ಸಾಲದ ಬಾಕಿಗೆ ಮುರಿದುಕೊಂಡರು. ಇದು ಸರಿಯೇ?
(ಮತ್ತೋಡು ಹೋಬಳಿ, ಹೊಸದುರ್ಗ ತಾಲ್ಲೂಕು)

ಉತ್ತರ: ಸರಿಯಲ್ಲ. 2024ರ ಬೇಸಿಗೆಯಲ್ಲಿ ರಾಜ್ಯದ ಹಲವು ಕಡೆ ಹೀಗಾದಾಗ ಬರ ಪರಿಹಾರವನ್ನು ಸಾಲಕ್ಕೆ ಹೊಂದಾಣಿಕೆ ಮಾಡಬಾರದೆಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಪಾಸ್‌ಬುಕ್‌ನಲ್ಲಿ ಜಮೆಯ ಸಾಲು ಮತ್ತು ಅದರ ಕೆಳಗೆ ಕಡಿತದ ಸಾಲು ಎರಡೂ ಮೂಡಿರುವ ಪುಟದ ಜೆರಾಕ್ಸ್ ಲಗತ್ತಿಸಿ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅದೇ ಅರ್ಜಿಯನ್ನು ಜಿಲ್ಲಾಧಿಕಾರಿ ಮತ್ತು ಲೀಡ್ ಬ್ಯಾಂಕ್ ಮ್ಯಾನೇಜರ್ ಇಬ್ಬರಿಗೂ ಸಲ್ಲಿಸಿ. ಬ್ಯಾಂಕುಗಳಲ್ಲಿ ಎಷ್ಟೋ ಸಲ ಇದನ್ನು ಯಾರೂ ಕೂತು ಮಾಡಿರುವುದಿಲ್ಲ; ಸಾಲದ ಖಾತೆಗೂ ಉಳಿತಾಯ ಖಾತೆಗೂ ಗಣಕಯಂತ್ರದಲ್ಲಿ ಹಾಕಿಟ್ಟ ಜೋಡಣೆ ತಾನಾಗಿಯೇ ಹಣ ಎಳೆದುಕೊಂಡಿರುತ್ತದೆ. ಹಾಗಾಗಿ ಹಣ ವಾಪಸ್ ಹಾಕಿಸುವುದರ ಜೊತೆಗೆ ಆ ಜೋಡಣೆಯನ್ನೂ ತೆಗೆಸಿ, ಇಲ್ಲದಿದ್ದರೆ ಮುಂದಿನ ಕಂತಿಗೂ ಅದೇ ಗತಿಯಾಗುತ್ತದೆ. ಒಂದು ತಿಂಗಳಾದರೂ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ಮೊಹರು ಹಾಕಿಸಿಕೊಂಡ ಆ ಪ್ರತಿ ಬೇಕಾಗುವುದು ಅಲ್ಲಿಯೇ.